ಷರಾ

ಸಮಯ, ದೋಣಿಯ ಹೆಸರು, ಒಳನೀರು, ಹೊರನೀರು,
ಕಟ್ಟಕಡೆಗೆ ಅಗಲವಾದ ಒಂದು ಕಾಲಂ: ಷರಾ.
ಫ್ರೀಸ್‌ಲ್ಯಾಂಡಿನ ಈ ನೀರ್ಬಾಗಿಲಲ್ಲಿ
ಷರಾ ಬರೆಯುವಂಥದ್ದು ಏನು ತಾನೆ ನಡೆದೀತು?
ದೋಣಿ ಬರುತ್ತದೆ, ನೀರು ಏರುತ್ತದೆ, ದೋಣಿ ಹೋಗುತ್ತದೆ.

ಆದರೂ ಬರೆದಿದ್ದೇನೆ. ಹತ್ತೊಂಬತ್ತು ರಿಜಿಸ್ಟರು,
ಇಗೋ, ಅಡುಗೆಮನೆಯ ಮೇಜಿನ ಮೇಲೆ, ತೇವದ ವಾಸನೆ.
ಏಪ್ರಿಲ್ ಒಂದರಿಂದ ಲೇವಾರ್ಡನ್ನಿನ ಕಚೇರಿಯಲ್ಲಿ ಕೂತ ಹುಡುಗ
ಗುಂಡಿ ಒತ್ತಿ ತೆರೆಯುತ್ತಾನಂತೆ ನನ್ನ ಬಾಗಿಲನ್ನ.
'ಹಳೇ ಪುಸ್ತಕ ಬೇಕಿದ್ದರೆ ಒಯ್ಯಿ, ಹಿಲ್ಚೆ' ಅಂದರು.
ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದೆ, ಎರಡು ಸಲಕ್ಕೆ.

ಮೊದಲ ಷರಾ ಸಿಟ್ಟಿನದು:
'ಮರಳುದೋಣಿಯವನಿಗೆ ಬೈದೆ. ಕತ್ತೆ ಅಂದೆ.
ಹಗ್ಗ ಜಾರಿದ್ದು ಅವನ ಕೈಯಿಂದಲ್ಲ.'
ಇಷ್ಟೇ. ಯಾರ ಕೈಯಿಂದ ಎಂದು ಬರೆಯಲು
ಇನ್ನೂ ಒಂದೂವರೆ ವರ್ಷ ಹಿಡಿಯಿತು.
ತನಿಖೆಗೆ ಬಂದವರು ಅಂಕಿ ನೋಡಿ ರುಜು ಹಾಕುತ್ತಿದ್ದರು,
ಷರಾ ಯಾರೂ ಓದುತ್ತಿರಲಿಲ್ಲ. ಅದೇ ಧೈರ್ಯ.

ನಮ್ಮಲ್ಲಿ ನೀರನ್ನೆಲ್ಲ ಆಮ್‌ಸ್ಟರ್‌ಡ್ಯಾಮಿನ ಸೊನ್ನೆಯಿಂದ ಅಳೆಯುತ್ತಾರೆ.
ನಮ್ಮ ಕಾಲುವೆ ಸೊನ್ನೆಗಿಂತ ಐವತ್ತೆರಡು ಸೆಂಟಿಮೀಟರು ಕೆಳಗೆ.
ಅದಕ್ಕೇನೂ ನಾಚಿಕೆಯಿಲ್ಲ; ಬಾತುಕೋಳಿ ತೇಲುತ್ತದೆ,
ಹೆಪ್ಪುಗಟ್ಟಿದ ವರ್ಷ ಊರಿಗೂರೇ ಜಾರುತ್ತದೆ ಅದರ ಮೇಲೆ.
ನನ್ನನ್ನು ಮಾತ್ರ ನಾನು
ಅಕ್ಕ ಫೆನ್ನಾಳ ಸೊನ್ನೆಯಿಂದ ಅಳೆಯುತ್ತಿದ್ದೆ:
ಅವಳ ಮನೆ, ಅವಳ ಎರಡು ಡಿಗ್ರಿ, ಅವಳ ನಗು.
ಆರನೇ ರಿಜಿಸ್ಟರಿನ ತುಂಬ ಫೆನ್ನಾ, ಫೆನ್ನಾ.
ಒಂಬತ್ತನೆಯದರಲ್ಲಿ ಒಂದೇ ಸಲ:
'ಫೆನ್ನಾ ಫೋನು ಮಾಡಿದಳು. ಅತ್ತಳು. ಕೇಳಿಸಿಕೊಂಡೆ.'

ಇದನ್ನು ಬೆಳವಣಿಗೆ ಅನ್ನಬಹುದೋ ಏನೋ.
ಬೆಳೆಯುವಾಗ ಗೊತ್ತಾಗಲಿಲ್ಲ,
ಎಡವಿದಾಗಷ್ಟೇ ತಿಳಿಯುವ ಕಾಲುಗುರಿನ ಹಾಗೆ.

ಕತ್ತೆ ಎನಿಸಿಕೊಂಡವನು ಹನ್ನೊಂದರಲ್ಲಿ ಡೌವೆ ಆದ,
ಹನ್ನೆರಡರಲ್ಲಿ 'ಡೌವೆ ಜತೆ ಬಟಾಣಿ ಸಾರು',
ಹದಿನಾರರಲ್ಲಿ, ನವೆಂಬರ್, ಸಮಯ ಬರೆದಿಲ್ಲ, ನೀರು ಅಳೆದಿಲ್ಲ,
'ಮರಳುದೋಣಿಯನ್ನು ಇವತ್ತು ಅವನ ಮಗ ತಂದ.'
ಆ ಪುಟದ ಅಕ್ಷರ ನನ್ನದು ಅನ್ನಿಸುವುದಿಲ್ಲ.

ಇನ್ನು ನಗೆಪಾಟಲಿನದು.
ಜನವರಿ ಬಂತೆಂದರೆ, ಹೆಚ್ಚುಕಡಿಮೆ ಅದೇ ಶಾಯಿ:
'ಈ ಬೇಸಿಗೆಗೆ ಈಜು ಕಲಿಯಬೇಕು.'
ಎಣಿಸಿದೆ, ಹದಿನಾಲ್ಕು ಸಲ.
ಇಷ್ಟು ವರ್ಷ ನೀರಿನ ಅಂಚಿನಲ್ಲೇ ನಡೆದವಳಿಗೆ
ಈಜು ಬಾರದೆಂದು ಈ ಕಾಗದಕ್ಕೊಂದೇ ಗೊತ್ತು.
ಉಳಿದ ಐದು ಜನವರಿ ಯಾಕೆ ಬರೆದಿಲ್ಲ?
ಆಸೆಯನ್ನೂ ಬಿಟ್ಟಿದ್ದೆನೇ? ನೆನಪಿಲ್ಲ.
ಖಾಲಿ ಬಿಟ್ಟ ಜಾಗಗಳೇ ಹೆಚ್ಚು ಕಾಡುತ್ತವೆ.

ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು:
ಎರಡೂ ಕಡೆಯ ನೀರು ಸಮವಾಗದೆ
ಹತ್ತು ಕರಿಕುದುರೆ ಕಟ್ಟಿ ಎಳೆದರೂ ಬಾಗಿಲು ಮಿಸುಕದು;
ಸಮವಾಯಿತೋ, ಬೆನ್ನು ಕೊಟ್ಟರೆ ಸಾಕು.
ಪಾಠ ಸರಿಯೇ. ಆದರೆ ಸಮವಾಗಲಿ, ಸಮವಾಗಲಿ ಎಂದು
ಕಿಂಡಿಯನ್ನೇ ಎತ್ತದೆ ಕೂತವಳೂ ನಾನೇ.

ಮಂಗಳವಾರ ಸ್ನೇಕ್ ಊರಿನ ಈಜುಕೊಳಕ್ಕೆ ಹೋದೆ.
ದೊಡ್ಡವರ ತರಗತಿ ಭರ್ತಿಯಂತೆ, ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು.
ಪರೀಕ್ಷೆಗೆ ಅಂಗಿ, ಬೂಟು ಹಾಕಿಕೊಂಡೇ ಈಜಬೇಕಂತೆ,
ಬೀಳುವವರು ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲವಲ್ಲ.
ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೇಳಿದಳು:
'ನೀನ್ಯಾಕೆ ಇಷ್ಟು ತಡ?'
'ಬಾಗಿಲು ಕಾಯ್ತಾ ಇದ್ದೆ' ಅಂದೆ.

ಇಪ್ಪತ್ತನೆಯದು ಅಂಗಡಿಯಲ್ಲಿ ಕೊಂಡ ಶಾಲೆಯ ನೋಟುಬುಕ್ಕು.
ಕಾಲಂ ನಾನೇ ಎಳೆದೆ, ಸ್ಕೇಲಿಲ್ಲದೆ, ಕೊಂಚ ಓರೆ.
ಸಮಯ: ಸಂಜೆ ಐದೂಕಾಲು. ದೋಣಿ: ಹಿಲ್ಚೆ.
ಷರಾ: ಮೂಗಿಗೆ ನೀರು. ನಾಲ್ಕು ಮೀಟರು.
ಅಂಚು ಹಿಡಿದುಕೊಂಡೆ. ಬಿಟ್ಟೆ.